ಮಲಗಿದವರ ಕಣ್ಣಿನ ಎತ್ತರ

೪ ನವೆಂಬರ್ ೧೯೫೭, ಇಂಡಿ

ಬೆಳಿಗ್ಗೆ ಆರಕ್ಕೆ ೯೯.೬. ಸಂಜೆ ೧೦೧. ಕಂಪೌಂಡರ್ ಬಂದು ಸ್ಟ್ರೆಪ್ಟೊಮೈಸಿನ್ ಚುಚ್ಚಿ ಹೋದ. ಸೂಜಿ ಚುಚ್ಚುವಾಗ ಸಗೀರಾ ಎಂದಿನಂತೆ ಗೋಡೆಯ ಕಡೆ ಮುಖ ತಿರುಗಿಸಿದಳು. ಯಾವ ಕಡೆ ತಿರುಗಿಸಿದರೂ ಗೋಡೆಯೇ. ಈ ಹಿಂದಿನ ಕೋಣೆಗೆ ಕಿಟಕಿ ಇಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಊಟದ ತಟ್ಟೆಯಷ್ಟು. ಅಜ್ಜ ಕಟ್ಟಿಸಿದ ಮನೆ. ಕಳ್ಳರಿಗೆ ಹೆದರಿ ಕಟ್ಟಿಸಿದ್ದು. ಕಳ್ಳರು ಬರಲಿಲ್ಲ, ಕ್ಷಯ ಬಂತು.

ಹನ್ನೊಂದು ವರ್ಷದಿಂದ ಓವರ್ಸಿಯರ್. ಸಾಲೆ, ಚಾವಡಿ, ಮೋರಿ, ಸೇತುವೆ — ಎಲ್ಲ ಕಟ್ಟಿಸಿದೆ. ಸ್ವಂತ ಹೆಂಡತಿ ಎರಡು ವರ್ಷದಿಂದ ಕತ್ತಲಲ್ಲಿ ಕೆಮ್ಮುತ್ತಿದ್ದಾಳೆ. ನಡುವೆ ಮಿರಜದ ಕ್ಷಯದ ಆಸ್ಪತ್ರೆಯಲ್ಲಿ ಮೂರು ತಿಂಗಳು ಇದ್ದಳು. ಗುಣವಾಯಿತೆಂದು ಕರೆತಂದೆ. ಆರು ತಿಂಗಳಿಗೆ ಮತ್ತೆ ತಿರುಗಿತು. ಮಗಳು ಮೆಹರಾಜಳನ್ನು ಸಿಂದಗಿಗೆ, ಸಗೀರಾಳ ತವರಿಗೆ ಕಳಿಸಿ ಎಂಟು ತಿಂಗಳಾಯಿತು. ಐದು ವರ್ಷದ ಕೂಸು. ತಾಯಿಯ ಮುಖ ಮರೆತಿರಬಹುದು.

ಇವತ್ತು ಪರಪ್ಪ ಸಾವಕಾರರು ಕರೆಸಿದ್ದರು. ಇದೇ ರೋಗದಲ್ಲಿ ಮಗಳನ್ನು ಕಳೆದುಕೊಂಡವರು. ಅವಳ ಹೆಸರಿನಲ್ಲಿ, ಸಾಲೋಟಗಿ ರಸ್ತೆಯ ತಮ್ಮ ನಿಂಬೆ ತೋಟದ ಪಕ್ಕ, ಎಂಟು ಹಾಸಿಗೆಯ ಕ್ಷಯದ ವಾರ್ಡು ಕಟ್ಟಿಸುತ್ತಾರಂತೆ. ನಾಲ್ಕು ಗಂಡಸರಿಗೆ, ನಾಲ್ಕು ಹೆಂಗಸರಿಗೆ. ಬಸಂತರಾಯ ಡಾಕ್ಟರು ನೋಡಿಕೊಳ್ಳುತ್ತಾರಂತೆ. ಪ್ಲ್ಯಾನ್ ನಾನು ಹಾಕಬೇಕು.

"ನಿಮಗ ಏನ್ ಕೊಡಬೇಕ್ರಿ?" ಅಂದರು.

"ಏನೂ ಬ್ಯಾಡ್ರಿ. ಒಂದು ಹಾಸಿಗಿ ಕೊಡ್ರಿ, ನಮ್ಮ ಮನಿಯಾಕಿಗೆ."

ಸಾವಕಾರರು ಕಣ್ಣೊರೆಸಿಕೊಂಡರು. ನಾನು ಅಳಲಿಲ್ಲ. ಅಳುವುದಕ್ಕೂ ಪುರುಸೊತ್ತು ಬೇಕು.

೯ ನವೆಂಬರ್

ಪ್ಲ್ಯಾನ್ ಮುಗಿಸಿ ಸಗೀರಾಗೆ ತೋರಿಸಿದೆ. ಬೆಳಕಿಂಡಿಯ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಕಿಡಕಿ ಎಷ್ಟ ಎತ್ತರ್ರೀ?"

"ನೆಲದಿಂದ ನಾಕು ಫೂಟು. ಎಲ್ಲಾ ಕಡೆ ಹಂಗ ಇರ್ತೈತಿ."

"ಇದನ್ನ ನೀವು ನಿಂತು ಬರದೀರಿ."

"ಮತ್ತ? ಕುಂತು ಬರೀಲೇನು?"

"ಮಲಗಿ ಬರೀರಿ."

ಸಿಟ್ಟು ಬಂತು. ಐದು ದಿನ ಕಣ್ಣು ಕೀಲಿಸಿ ತೆಗೆದ ನಕ್ಷೆ. ಆಮೇಲೆ ಒಂದೊಂದಾಗಿ ಹೇಳಿದಳು. ಉಸಿರು ಹಿಡಿಯುತ್ತದೆ, ನಿಲ್ಲಿಸಿ ನಿಲ್ಲಿಸಿ ಹೇಳಿದಳು. ಮಲಗಿದವರಿಗೆ ಕಾಣುವುದು ಮಾಳಿಗೆ ಒಂದೇ. ಜಂತಿ ಎಣಿಸಿ ಎಣಿಸಿ ತಲೆ ಕೆಡುತ್ತದೆ. ಬಿಳಿ ಸುಣ್ಣ ಕಣ್ಣಿಗೆ ಚುಚ್ಚುತ್ತದೆ. ಪಕ್ಕದವರ ಕಫದ ಡಬ್ಬಿ ಕಣ್ಣೆದುರು ಇಡಬಾರದು. ತೀರಿಕೊಂಡವರನ್ನು ಉಳಿದವರ ಹಾಸಿಗೆಯ ಮುಂದಿನಿಂದ ಒಯ್ಯಬಾರದು. "ಮಿರಜದಾಗ ಒಯ್ಯೂ ಮುಂದ ಎಲ್ಲಾರೂ ನಿದ್ದಿ ಹತ್ತಿದಂಗ ಕಣ್ ಮುಚ್ಚಿರ್ತಿದ್ವಿರಿ. ಒಬ್ಬರಿಗೂ ನಿದ್ದಿ ಇರ್ತಿರಲಿಲ್ಲ."

ಎರಡು ವರ್ಷದಲ್ಲಿ ಇದನ್ನು ಒಂದು ಸಲವೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಥರ್ಮಾಮೀಟರ್ ನೋಡುತ್ತ ಕೂತಿದ್ದೆ. ನಕ್ಷೆ ಹರಿದು ಒಗೆದೆ.

೧೦ ನವೆಂಬರ್

ಜಾಗಕ್ಕೆ ಒಂದು ಹೊರಸು ಹೊರಿಸಿಕೊಂಡು ಹೋದೆ. ಬಯಲಿನಲ್ಲಿ ಹಾಕಿ ಅದರ ಮೇಲೆ ಮಲಗಿದೆ. ಗೌಂಡಿ ಖಂಡೆಪ್ಪ ಟೇಪು ಹಿಡಿದ. ನೆಲದಿಂದ ನನ್ನ ಕಣ್ಣಿಗೆ ಎರಡು ಅಡಿ ಎರಡು ಇಂಚು. ಹಾಗಾದರೆ ಕಿಟಕಿ ಒಂದೂವರೆ ಅಡಿಗೆ ಶುರುವಾಗಬೇಕು. ಬರೆದುಕೊಂಡೆ.

ತೋಟಕ್ಕೆ ಹೋಗುವ ಮಂದಿ ಹಾದಿಯಲ್ಲಿ ಗುಂಪುಗೂಡಿದರು. "ಸಾಹೇಬ್ರಿಗೆ ಏನಾತೋ?" "ಬಿಸಲ ಬಡದೈತೇನ?" ಖಂಡೆಪ್ಪ ಗದರಿಸಿದ: "ಸುಮ್ ಹೋಗ್ರಿ, ಅಳತಿ ನಡದೈತಿ." ನಗು ತಡೆಯಲಾಗದೆ ಅವನೂ ಆ ಕಡೆ ತಿರುಗಿದ.

ನಗಲಿ. ಮಲಗಿದಲ್ಲಿಂದ ನಿಂಬೆ ಗಿಡ, ಅದರ ಮೇಲೆ ಆಕಾಶ. ಗಿಡದಲ್ಲಿ ಗುಬ್ಬಿಗಳ ಜಗಳ. ಎದ್ದೇಳಲು ಮನಸ್ಸಾಗಲಿಲ್ಲ. ಹೆಂಗಸರ ಕಡೆಯ ಕಿಟಕಿಗಳು ಇದೇ ಕಡೆಗೆ, ಪೂರ್ವಕ್ಕೆ.

೨ ಡಿಸೆಂಬರ್

ಬುನಾದಿ ನೆಲದ ಮೇಲೆ ಬಂತು. ಅಷ್ಟರಲ್ಲಿ ಹುಕುಂ. ಮುದ್ದೇಬಿಹಾಳದ ಕಡೆ ರಸ್ತೆಗೆ ಮೂರು ಮೋರಿ, ಆರು ವಾರದ ಕ್ಯಾಂಪು. ಹೆಂಡತಿಗೆ ಹುಷಾರಿಲ್ಲ ಎಂದೆ. ಮೇಲಿನವರು ತಲೆ ಎತ್ತದೆ, "ಯಾರ ಮನಿಯಾಗ ಹುಷಾರದಾರ್ರಿ?" ಎಂದರು. ಹಾಳಾಗಿ ಹೋಗಲಿ ಇವರ ನೌಕರಿ.

ಖಂಡೆಪ್ಪನಿಗೆ ಓದು ಬರಹ ಬರುವುದಿಲ್ಲ. ನಕ್ಷೆ ತಿಳಿಯುವುದಿಲ್ಲ. ಆದರೆ ದಾರಕ್ಕೆ ಗಂಟು ಹಾಕಿ ಕೊಟ್ಟರೆ ಕೂದಲೆಳೆಯಷ್ಟೂ ತಪ್ಪುವವನಲ್ಲ. ಹದಿನೆಂಟು ಇಂಚಿಗೆ ಕೆಂಪು ಗಂಟು ಹಾಕಿ ಕೊಟ್ಟೆ.

"ಖಂಡೆಪ್ಪಾ, ಕಿಡಕಿ ಈ ಗಂಟಿಗೆ. ಯಾರ್ ಬಂದು ಏನ್ ಹೇಳಿದ್ರೂ ಇದ ಗಂಟಿಗೆ."

"ನಿಮ್ಮ ಮನೀ ಕೆಲಸ ಅಂದ್ರ ನಮ್ಮ ಮನೀದ್ರಿ ಸಾಹೇಬ್ರ. ನೀವು ಬೇಫಿಕೀರ ಹೋಗಿ ಬರ್ರಿ."

ಸಗೀರಾ ನನ್ನ ಟ್ರಂಕಿನ ಬಟ್ಟೆಗಳನ್ನು ಮಲಗಿದಲ್ಲೇ ಕೈಯಿಂದ ಸವರಿ ಮಡಿಕೆ ಸರಿಮಾಡಿದಳು.

೧೬ ಡಿಸೆಂಬರ್, ಮುದ್ದೇಬಿಹಾಳ

ಅಮ್ಮನ ಕಾಗದ, ನೆರೆಯವರ ಕೈಯಲ್ಲಿ ಬರೆಸಿದ್ದು. "ಇಲ್ಲಿ ಎಲ್ಲರೂ ಸುಖ. ಸಗೀರಾ ಸುಖವಾಗಿದ್ದಾಳೆ." ನಮ್ಮ ಅಮ್ಮ ಪೀರಬಿ ಒಂದು ಮಾತನ್ನು ಎರಡು ಸಲ ಹೇಳಿದರೆ ಅದು ಸುಳ್ಳು. ಜ್ವರ ಎಷ್ಟೆಂದು ಬರೆಸಿಲ್ಲ. ಅಮ್ಮನಿಗೆ ಥರ್ಮಾಮೀಟರ್ ಓದಲು ಬಾರದು. ಹಣೆ ಮುಟ್ಟಿ ನೋಡಿ, "ಬಿಸಿ ಐತಿ" ಅನ್ನುತ್ತಾಳೆ. ಅಷ್ಟೇ.

ಇಲ್ಲಿ ಮೋರಿಗೆ ಕಲ್ಲು ಬಂದಿಲ್ಲ. ಕಲ್ಲಿಗಾಗಿ ಕಾಯುತ್ತ ಗುಡಾರದಲ್ಲಿ ಕೂತಿದ್ದೇನೆ. ಕೈಕಾಲು ಕಟ್ಟಿ ಹಾಕಿದ ಹಾಗೆ.

೨೯ ಡಿಸೆಂಬರ್, ಬಸವನ ಬಾಗೇವಾಡಿ ಬಸ್ ಸ್ಟ್ಯಾಂಡು. ಮಧ್ಯಾಹ್ನ ೩

ಎರಡು ದಿನದ ರಜೆ. ಇಂಡಿಗೆ ಹೊರಟವನು ಇಲ್ಲಿ ಸಿಕ್ಕಿಬಿದ್ದೆ. ಬಸ್ಸಿನ ಎಕ್ಸೆಲ್ ಮುರಿದಿದೆ. ಡ್ರೈವರ್ ಬೇವಿನ ಗಿಡದ ಕೆಳಗೆ ಮಲಗಿ ಗೊರಕೆ ಹೊಡೆಯುತ್ತಿದ್ದಾನೆ. ಬೇರೆ ಬಸ್ಸು ನಾಳೆಯಂತೆ. ನಾಳೆ ಹೋಗಿ ಮುಟ್ಟಿದರೆ ಮುಟ್ಟಿದ ಗಳಿಗೆಯಲ್ಲೇ ತಿರುಗಿ ಹೊರಡಬೇಕು...

ಥೂ. ಅಳು ಬಂತು. ಮಂದಿ ನೋಡಿದರು. ನೋಡಲಿ.

೧೯ ಜನವರಿ ೧೯೫೮, ರವಿವಾರ. ಇಂಡಿ

ಬಂದೆ. ಮನೆಗೆ ಹೋಗುವ ಮೊದಲು ಟ್ರಂಕ್ ಹಿಡಿದುಕೊಂಡೇ ವಾರ್ಡಿಗೆ ಹೋದೆ. ಸಗೀರಾಗೆ ಏನಾದರೂ ಒಳ್ಳೆಯ ಸುದ್ದಿ ಒಯ್ಯೋಣವೆಂದು.

ಮಾಳಿಗೆ ಹಾಕಿಯಾಗಿದೆ. ಗಿಲಾವು ಆಗಿದೆ. ನಾನು ಹೇಳಿದ ಹಾಗೆ ಸುಣ್ಣಕ್ಕೆ ಸ್ವಲ್ಪ ಹಸಿರು ಬೆರೆಸಿದ್ದಾರೆ. ಗಂಡಸರ ಕಡೆ ಕಿಟಕಿಗಳು ಒಂದೂವರೆ ಅಡಿಗೆ, ಗಂಟಿನ ಲೆಕ್ಕಕ್ಕೆ ಸರಿಯಾಗಿ. ಹೆಂಗಸರ ಕಡೆ ಹೋದೆ. ಗೋಡೆ. ನನ್ನ ತಲೆಯವರೆಗೂ ಗೋಡೆ. ಅದರ ಮೇಲೆ ನಾಲ್ಕು ಗಿಡ್ಡ ಕಿಟಕಿಗಳು. ನಿಂತವನು ತುದಿಗಾಲಲ್ಲಿ ನಿಲ್ಲಬೇಕು.

ಖಂಡೆಪ್ಪ ನಗುತ್ತ ಬಂದ. ಮೈಮೇಲೆ ಸುಣ್ಣ. ಹೊಗಳಿಸಿಕೊಳ್ಳಲು ಬಂದವನ ಹಾಗೆ ನಿಂತ.

"ಏನಲೇ ಇದು?"

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಗಂಡಸರ ಕಡೆ ನಿಮ್ಮ ಗಂಟಿನಂಗ ಮಾಡಿದ್ನಿ. ಹೆಂಗಸರ ಕಡೆ ಕೆಲಸಾ ಹಚ್ಚೂದ್ರಾಗ ಗೊತ್ತಾತು, ಬೀಬಿಯವರು ಇಲ್ಲೇ ಮಲಗಾವ್ರು ಅಂತ. ನನ್ನ ಹೇಣತಿ ರುಕ್ಮವ್ವನ ಹಲಗಿ ಮ್ಯಾಲ ಮಲಗಿಸಿ, ನಾ ಹಾದ್ಯಾಗ ನಿಂತು ನೋಡಿದ್ನಿ. ಕಾಲುಂಗುರ ಸುದ್ದಾ ಕಾಣತಾವ್ರಿ! ನಮ್ಮ ಸಾಹೇಬ್ರ ಮನಿ ಹೆಣಮಗಳು ಹಾದಿ ಮಂದಿಗೆ ಕಾಣಬೇಕೇನ್ರಿ? ನನ್ನ ಜೀವಾ ತಡೀಲಿಲ್ರಿ. ಎತ್ತರ ಮಾಡಿದ್ನಿ."

ಹೊಡೆಯಲು ಕೈ ಎತ್ತಿದೆ. ಯಾ ಅಲ್ಲಾ, ನನಗಿಂತ ಹತ್ತು ವರ್ಷ ದೊಡ್ಡವನು. ಅವನು ತಪ್ಪಿಸಿಕೊಳ್ಳಲಿಲ್ಲ. ಕೈ ಇಳಿಸಿದೆ. ಬಾಯಿಗೆ ಬಂದದ್ದು ಅಂದೆ. ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ಮನೆಗೆ ಹೋದರೆ ಸಗೀರಾ... ಆರು ವಾರದಲ್ಲಿ ಮನುಷ್ಯರು ಇಷ್ಟು ಕರಗುತ್ತಾರೆಯೆ? ಬಳೆಗಳು ಮೊಣಕೈವರೆಗೆ ಜಾರುತ್ತವೆ.

"ಕಿಡಕಿ ಆದೂವೇನ್ರಿ?" ಅಂದಳು.

"ಆದುವು" ಅಂದೆ.

೨೦ ಜನವರಿ

ಬಸಂತರಾಯ ಡಾಕ್ಟರು ಬಂದು ಎದೆ ನೋಡಿದರು. ಹೊರಗೆ ಅಂಗಳದಲ್ಲಿ ನಿಂತು ಹೇಳಿದರು: "ಎರಡೂ ಕಡೆ ಹಬ್ಬೇತ್ರಿ. ಮಳಿಗಾಲ ಕಾಣೂದು ಕಷ್ಟ. ಧೈರ್ಯಾ ತಗೋರಿ."

ಎಲ್ಲಿಂದ ತರಲಿ? ನಮಾಜಿನಲ್ಲಿ ಗುಣ ಮಾಡೆಂದು ಬೇಡುವುದನ್ನು ಇವತ್ತು ಬಿಟ್ಟೆ. ಬೇಡಿ ಬೇಡಿ ನಾಚಿಕೆಯಾಗಿದೆ. ಒಂದೇ ಕೇಳಿದೆ. ಆ ಕತ್ತಲ ಕೋಣೆಯಲ್ಲಿ ಅವಳ ಜೀವ ಹೋಗಬಾರದು. ಒಂದು ಕಿಟಕಿ. ಅಷ್ಟೇ.

ಸಾವಕಾರರ ಹತ್ತಿರ ಹೋದೆ. ಹೆಂಗಸರ ಕಡೆ ಒಡೆದು ಕೆಳಗಿಳಿಸಬೇಕು ಎಂದೆ. ಅವರು ಕಣ್ಣು ಕಣ್ಣು ಬಿಟ್ಟರು. "ಖಂಡೆಪ್ಪ ಮರ್ಯಾದಿ ಕಾದಾನಂತ ನಾನ ಅವಗ ಪಟಗಾ ಸುತ್ತಿಸಿ ಸನ್ಮಾನಾ ಮಾಡೀನ್ರಿ!" ೨೬ಕ್ಕೆ ಉದ್ಘಾಟನೆ ಇಟ್ಟಿದ್ದಾರೆ. ಧ್ವಜ ಹಾರಿಸಿ, ವಾರ್ಡಿನ ಬಾಗಿಲು ತೆರೆಯುವುದೆಂದು ಊರಿಗೆಲ್ಲ ಹೇಳಿಯಾಗಿದೆ. ಡಾಕ್ಟರು ಒಂದೇ ಮಾತು ಹೇಳಿದರು: ಪೇಶಂಟರು ಒಳಗೆ ಬಂದ ಮೇಲೆ ಒಂದು ಕಲ್ಲೂ ಒಡೆಯಕೂಡದು, ಆ ಧೂಳು ಅವರ ಎದೆಗೆ ವಿಷ. ಒಡೆಯುವುದಾದರೆ ಈಗಲೇ, ಹತ್ತು ದಿನ ವಾರ್ಡು ಮುಚ್ಚಿಟ್ಟು. ಇಲ್ಲದಿದ್ದರೆ ಇದ್ದ ಹಾಗೇ ಇರಲಿ.

ಹತ್ತು ದಿನ. ಅವಳ ಹತ್ರ ಎಷ್ಟು ಹತ್ತು ದಿನಗಳಿವೆ?

ಒಡೆಯುವುದೆಂದೆ. ಸಾವಕಾರರು ಸಿಡುಕಿದರು, ಆಮೇಲೆ ಮಗಳ ಫೋಟೋ ಕಡೆ ನೋಡಿ ಒಪ್ಪಿದರು. ೬ ಫೆಬ್ರವರಿಗೆ ಮುಂದೂಡಿದರು.

೨೩ ಜನವರಿ

ದವಾಖಾನೆಯ ಪಡಸಾಲೆಯಲ್ಲಿ ಹಲಸಂಗಿಯ ಸಿದ್ದವ್ವ ಎಂಬ ಮುದುಕಿ ಚಾಪೆ ಹಾಸಿಕೊಂಡು ಬಿದ್ದಿದ್ದಾಳೆ. ಅವಳಿಗೂ ವಾರ್ಡಿನಲ್ಲಿ ಹಾಸಿಗೆ ಗೊತ್ತುಮಾಡಿದ್ದಾರೆ. ನನ್ನನ್ನು ಕಂಡು ಕರೆದಳು.

"ಏನ್ರೀ ಸಾಹೇಬ್ರ, ನಿಮ್ಮ ಕಿಡಕಿ ಸಲುವಾಗಿ ನಾ ಇನ್ನೂ ಹತ್ ದಿನಾ ಇಲ್ಲೇ ಚಳ್ಯಾಗ ಸಾಯಬೇಕಂತ. ಹೌದೇನ್ರಿ?"

"ಹೌದವ್ವಾ."

"ಸತ್ರ ಆ ಕಿಡಕ್ಯಾಗಿಂದ ನನ್ನ ನೋಡ್ರಿ ಮತ್ತ."

ಕೆಮ್ಮುತ್ತ ನಕ್ಕಳು. ನನಗೆ ನಗು ಬರಲಿಲ್ಲ. ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ?

೨೮ ಜನವರಿ

ಒಡೆಯುತ್ತಿರುವುದು ಖಂಡೆಪ್ಪನೇ. ಬೇರೆಯವರನ್ನು ಕರೆದರೆ ಬೇಡವೆಂದ. ಎರಡು ಅಡಿ ದಪ್ಪದ ಕಲ್ಲಿನ ಗೋಡೆ. ತಾನು ಇಟ್ಟ ಕಲ್ಲನ್ನು ತಾನೇ ಹಾರೆಯಿಂದ ಮೀಟಿ ತೆಗೆಯುತ್ತಾನೆ. ನನ್ನ ಜೊತೆ ಮಾತಿಲ್ಲ. ಒಂದು ಸಲ ಮಾತ್ರ ಅಂದ: "ನೀವು ಒಳಗಿಂದ ನೋಡ್ತೀರಿ ಸಾಹೇಬ್ರ. ನಾ ಹೊರಗಿನಾಂವ."

ಕೊಬ್ಬು ನೋಡು ಎಂದುಕೊಂಡೆ.

ಸಗೀರಾಗೆ ಬೆಳಿಗ್ಗೆ ೧೦೦.೮. ಸಂಜೆ ೧೦೨.೪.

೬ ಫೆಬ್ರವರಿ

ಕಮಾನು ಗಾಡಿಗೆ ಪರದೆ ಕಟ್ಟಿ ಸಗೀರಾಳನ್ನು ಕರೆತಂದೆವು. ಅಮ್ಮ ದಾರಿಯುದ್ದಕ್ಕೂ ದುವಾ ಓದುತ್ತಿದ್ದಳು. ಎತ್ತಿನ ಮೇಲೆಯೂ ಊದಿದಳು.

ಕಿಟಕಿಯ ಪಕ್ಕದ ಹಾಸಿಗೆ. ಮಲಗಿಸಿ, ಕಿಟಕಿಯ ಬಾಗಿಲು ತೆರೆದೆ. ನಿಂಬೆ ಗಿಡ ಹೂ ಬಿಟ್ಟಿದೆ. ಗಾಳಿಗೆ ವಾಸನೆ ಒಳಗೇ ಬಂತು. ಸಗೀರಾ ಬಾಯಿ ತೆರೆದು ಉಸಿರೆಳೆದಳು. ಕೆಮ್ಮು ಬರಲಿಲ್ಲ.

"ಎಷ್ಟ ದೂರ ಐತ್ರೀ ಆಕಾಶ" ಅಂದಳು. ಅವಳ ಪಾದ ಒತ್ತುತ್ತ ಕೂತೆ.

ಸಂಜೆ ೧೦೦. ನೂರು! ಕ್ಯಾಂಪಿನಿಂದ ಬಂದ ಮೇಲೆ ಇಷ್ಟು ಇಳಿದೇ ಇರಲಿಲ್ಲ.

೮ ಫೆಬ್ರವರಿ

ಬೆಳಿಗ್ಗೆ ಹೋದರೆ ಮುಖದ ಮೇಲೆ ಸೆರಗು. ನಿದ್ದೆಯೆಂದುಕೊಂಡೆ. ನಿದ್ದೆಯಲ್ಲ.

ಹೊಸ ವಾರ್ಡು ನೋಡಲು ಊರೆಲ್ಲ ಬರುತ್ತಿದೆಯಂತೆ. ತೋಟದ ಬಾವಿಗೆ ಹೋಗುವವರು, ಸಂತೆಗೆ ಹೋಗುವವರು, ಎಲ್ಲರೂ ಹಾದಿಯಲ್ಲಿ ನಿಲ್ಲುತ್ತಾರೆ. ಸುಮ್ಮನೆ ನೋಡಿಹೋದರೆ ಬೇರೆ ಮಾತು. ಪಾಪ, ಪ್ರೀತಿಯಿಂದ ಮಾತಾಡಿಸುತ್ತಾರೆ. "ಬೀಬಿಯವ್ರ, ಹೆಂಗದೀರ್ರಿ? ಎಷ್ಟ ಬಡಕಲಾಗೀರ್ರಿ!" ಮದುವೆಯಾಗಿ ಬಂದ ಮೇಲೆ ಈ ಊರಿನ ಗಂಡಸರು ಅವಳ ಮುಖ ಕಂಡಿರಲಿಲ್ಲ. ಈಗ ಹೀಗೆ, ಹಾಸಿಗೆಯಲ್ಲಿ, ಎಲುಬು ಬಿಟ್ಟುಕೊಂಡು.

"ಮಿರಜದಾಗ ವರಾಂಡದಾಗ ಮಲಗ್ತಿದ್ದೆಲ್ಲ?" ಅಂದೆ.

"ಅಲ್ಲಿ ನಾ ಯಾರಂತ ಯಾರಿಗಿ ಗೊತ್ತಿತ್ರಿ? ಅಲ್ಲಿ ನಾ ನಂಬರ್ ಹದಿನೇಳು ಇದ್ನಿ. ಇಲ್ಲಿ ನಿಮ್ಮ ಹೇಣತಿ ಅದೇನಿ."

ಪಕ್ಕದ ಹಾಸಿಗೆಯ ಸಿದ್ದವ್ವನಿಗೆ ಮಾತ್ರ ಹಬ್ಬ. ಕಿಟಕಿಯಿಂದ ಕೈ ಹೊರಗೆ ಚಾಚಿ ಹಾದಿಯವರ ಹತ್ತಿರ ಎಲೆ ಅಡಿಕೆ ಇಸಿದುಕೊಳ್ಳುತ್ತಾಳೆ. ಹಲಸಂಗಿಯ ಸುದ್ದಿ ಕೇಳುತ್ತಾಳೆ. ಯಾರ ಎಮ್ಮೆ ಈಯಿತು, ಯಾರ ಸೊಸೆ ತವರಿಗೆ ಹೋದಳು. ಎರಡೇ ದಿನಕ್ಕೆ ಮುಖದಲ್ಲಿ ಕಳೆ ಬಂದಿದೆ.

೧೧ ಫೆಬ್ರವರಿ

ವಿಜಾಪುರದಿಂದ ಬಿದಿರಿನ ಚಿಕ್ಕು ಪರದೆ ತರಿಸಿ ಕಿಟಕಿಗೆ ಇಳಿಬಿಟ್ಟೆ. ಒಳಗಿನವರಿಗೆ ಹೊರಗೆ ಕಾಣುತ್ತದೆ, ಹೊರಗಿನವರಿಗೆ ಒಳಗೆ ಕಾಣುವುದಿಲ್ಲ. ಆದರೆ ಗಾಳಿಗೆ ಹಾರುತ್ತದೆ. ಹಾರಿದಾಗಲೆಲ್ಲ ಸಗೀರಾ ಬೆಚ್ಚಿ ಸೆರಗಿಗೆ ಕೈ ಹಾಕುತ್ತಾಳೆ. ಕೆಳಗೆ ಕಟ್ಟಿದರೆ ಗಾಳಿಯೇ ನಿಂತಿತು. ಡಾಕ್ಟರು ಕಿತ್ತು ಒಗೆಯಿರಿ ಎಂದರು.

ಇವತ್ತು ಅವಳೇ ಕೇಳಿದಳು: "ಕಿಡಕಿ ಬಾಗಲಾ ಮುಚ್ಚರಿ. ನಿಮಗ ಪುಣ್ಯಾ ಬರತೈತಿ."

ಮುಚ್ಚಿದೆ. ಅವಳ ಹಾಸಿಗೆಯ ಮೇಲೆ ಕತ್ತಲಾಯಿತು. ಮನೆಯ ಹಿಂದಿನ ಕೋಣೆಯಷ್ಟೇ ಕತ್ತಲು.

ಹೊರಗೆ ಹೋಗಿ ಹಾದಿಯಲ್ಲಿ ನಿಂತು ನೋಡಿದೆ. ಕಟ್ಟಡ ಎದ್ದು ಇಷ್ಟು ದಿನವಾಯಿತು, ಒಂದು ಸಲವೂ ಅಲ್ಲಿ ನಿಂತು ನೋಡಿರಲಿಲ್ಲ. ವಾರ್ಡು ಕೂತ ಕಟ್ಟೆಯ ಎತ್ತರ ಎರಡು ಅಡಿ, ಅದರ ಮೇಲೆ ಕಿಟಕಿ ಒಂದೂವರೆ. ಹಾದಿಯವನ ಎದೆಮಟ್ಟಕ್ಕೆ ಹಾಸಿಗೆ. ಸಿದ್ದವ್ವನ ಕಿಟಕಿಯಲ್ಲಿ ಎಲ್ಲ ಕಂಡಿತು. ಅವಳ ಕಾಲುಂಗುರ ಸುದ್ದಾ.

ಖಂಡೆಪ್ಪ ಹೆಂಡತಿಯನ್ನು ಮಲಗಿಸಿ ನೋಡಿದ. ನಾನು ನನ್ನನ್ನೇ ಮಲಗಿಸಿ ನೋಡಿದೆ. ಗಂಡಸು ಮಲಗಿದರೆ ಯಾರು ನೋಡಿದರೆ ಏನು? ಮಂದಿ ನಕ್ಕರು, ಎದ್ದು ಬಂದೆ. ಅಷ್ಟೇ ಆಯಿತು. ಹನ್ನೊಂದು ವರ್ಷದ ಓವರ್ಸಿಯರ್, ಕತ್ತೆ ನಾನು. ಹತ್ತು ದಿನ ವಾರ್ಡು ಮುಚ್ಚಿಸಿದೆ. ಮುದುಕಿಯನ್ನು ಚಳಿಯಲ್ಲಿ ಕೆಡವಿದೆ. ಒಬ್ಬ ಪ್ರಾಮಾಣಿಕ ಮನುಷ್ಯನ ಮೇಲೆ ಕೈ ಎತ್ತಿದೆ. ಎಲ್ಲ ಮಾಡಿ, ಅವಳಿಗೆ ಮತ್ತೆ ಅದೇ ಕತ್ತಲು ತಂದುಕೊಟ್ಟೆ.

೧೩ ಫೆಬ್ರವರಿ

ಖಂಡೆಪ್ಪನ ಮನೆಗೆ ಹೋದೆ. ರೊಟ್ಟಿ ತಿನ್ನುತ್ತಿದ್ದ. ಎದ್ದು ನಿಂತ. ಬಾಗಿಲಲ್ಲೇ ನಿಂತೆ.

"ನೀ ಹೇಳಿದ್ದು ಖರೆ ಇತ್ತು ಖಂಡೆಪ್ಪಾ. ನಂದು ತಪ್ಪಾತು."

"ಬಿಡ್ರಿ ಸಾಹೇಬ್ರ, ದೊಡ್ಡವ್ರು ಹಿಂಗ ಅನಬಾರದು. ರುಕ್ಮವ್ವಾ, ಸಾಹೇಬ್ರಿಗೆ ಕುಂದರಾಕ ಮಣಿ ಕೊಡು." ಕೂತೆ. ಅವನೇ ಮಾತು ತೆಗೆದ. "ಕಿಡಕಿ ಹಂಗ ಇರಲಿ. ಕಿಡಕಿಗೂ ಹಾದಿಗೂ ನಡುವ ಒಂದು ಗ್ವಾಡಿ ಎಬ್ಬಸೂಣ್ರಿ. ಬರೇ ಕಲ್ಲಿಂದು, ಒಣಾ. ಹಾದ್ಯಾಗ ಹೋಗಾವ್ನ ತಲಿ ಮುಚ್ಚುವಷ್ಟು. ಒಳಗ ಮಲಗಿದವರಿಗೆ ಗಿಡದ ತುದಿ, ಆಕಾಶ ಕಂಡ ಕಾಣತೈತಿ."

ಓದು ಬಾರದವನು! ಅಲ್ಲೇ ನೆಲದ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಲೆಕ್ಕ ಹಾಕಿದೆ. ಐದು ಅಡಿ. ಮಲಗಿ ಕೆಳಗಿನಿಂದ ನೋಡುವ ಕಣ್ಣಿಗೆ ಐದು ಅಡಿ ಸಾಕು. ಒಡೆದು ತೆಗೆದ ಕಲ್ಲುಗಳು ಅಲ್ಲೇ ಬಿದ್ದಿವೆ. ಸುಣ್ಣವಿಲ್ಲ, ಧೂಳಿಲ್ಲ. ಡಾಕ್ಟರು ಒಪ್ಪಿದರು. ನಾಳೆಯಿಂದ ಕೆಲಸ.

೧೬ ಫೆಬ್ರವರಿ

ಎರಡೂವರೆ ಅಡಿ. ಖಂಡೆಪ್ಪ, ರುಕ್ಮವ್ವ ಇಬ್ಬರೇ. ರಜೆ ಹಾಕಿ ನಾನೂ ಕಲ್ಲು ಹೊರುತ್ತಿದ್ದೇನೆ. ಅಂಗೈ ಸುಲಿದಿದೆ. ಸುಲಿಯಲಿ.

ಸಿದ್ದವ್ವ ಕಿಟಕಿಯಿಂದ ಬೈದಳು: "ಸಾಹೇಬ್ರ, ನನ್ನ ಹಾದಿ ಯಾಕ ಮುಚ್ತೀರಿ? ನನಗ ಇದೊಂದ ಐತಿ. ಮಂದಿ ಮಾರಿ ನೋಡ್ಲಿಲ್ಲಂದ್ರ ನಾ ಹುಚ್ಚಿ ಆಗ್ತೇನಿ."

ಗೋಡೆಯನ್ನು ಸಗೀರಾಳ ಕಿಟಕಿಗೆ ಮಾತ್ರ ಕಟ್ಟಿದರೆ ಓರೆಯಿಂದ ಕಾಣುತ್ತದೆ. ಸಿದ್ದವ್ವನ ಕಿಟಕಿ ದಾಟಿಯೇ ಹೋಗಬೇಕು. ತಲೆ ತಗ್ಗಿಸಿ ಕಲ್ಲು ಹೊತ್ತೆ. ಒಬ್ಬಳಿಗೆ ಬೇಕಾದದ್ದು ಇನ್ನೊಬ್ಬಳಿಗೆ ಬೇಡ. ಇಬ್ಬರಿಗೂ ಒಪ್ಪುವ ನಕ್ಷೆ ತೆಗೆಯುವಷ್ಟು ಬುದ್ಧಿ ನನಗಿಲ್ಲ. ಇದ್ದರೂ ವೇಳೆ ಇಲ್ಲ. ನನಗೆ ಸಗೀರಾ. ಅಲ್ಲಾ ಕ್ಷಮಿಸಲಿ.

೧೮ ಫೆಬ್ರವರಿ

ಬೆಳಿಗ್ಗೆ ರಕ್ತ ಕಾರಿದಳು. ಅರ್ಧ ಬೋಗುಣಿ. ಡಾಕ್ಟರು ಇಂಜೆಕ್ಷನ್ ಕೊಟ್ಟರು. ಮಾತಾಡಿಸಬೇಡಿ ಎಂದರು. ಮೆಹರಾಜಳನ್ನು ಕರೆಸಲೇ ಎಂದು ಕೇಳಿದೆ. ಡಾಕ್ಟರು ನೆಲ ನೋಡಿದರು.

ಸಗೀರಾ ತಲೆ ಅಲ್ಲಾಡಿಸಿದಳು. ಬೇಡ. ಕೈಸನ್ನೆಯಲ್ಲಿ ತನ್ನ ಮುಖ ತೋರಿಸಿದಳು. ಈ ಮುಖ ಕೂಸು ನೋಡುವುದು ಬೇಡ.

ಗೋಡೆ ಮೂರು ಮುಕ್ಕಾಲು ಅಡಿ.

೧೯ ಫೆಬ್ರವರಿ

ಗೋಡೆ ನಾಲ್ಕೂವರೆ ಅಡಿ ದಾಟಿತು. ಕಲ್ಲು ಮುಗಿದವು. ಸಾವಕಾರರು ತೋಟದ ಬಾಂದಿನ ಕಲ್ಲು ಕಿತ್ತುಕೊಳ್ಳಲು ಹೇಳಿದರು. ತಾವೇ ಒಂದು ಹೊತ್ತು ತಂದರು. ಎಪ್ಪತ್ತು ವರ್ಷದ ಮನುಷ್ಯ.

ಜ್ವರ ನೋಡಲಿಲ್ಲ. ಥರ್ಮಾಮೀಟರ್ ಜೇಬಿನಲ್ಲೇ ಇದೆ.

೨೦ ಫೆಬ್ರವರಿ. ಬೆಳಿಗ್ಗೆ ೭-೧೫

ಐದು ಅಡಿ ಆಯಿತು. ಸಗೀರಾಳ ದಿಂಬಿನ ಪಕ್ಕ ತಲೆಯಿಟ್ಟು, ಅವಳ ಕಣ್ಣಿನ ಎತ್ತರದಿಂದ ನೋಡಿದೆ. ಹಾದಿ ಇಲ್ಲ. ಮಂದಿ ಇಲ್ಲ. ನಿಂಬೆಯ ತುದಿಗಳು, ಬಿಸಿಲು.

"ಸಗೀರಾ, ಯಾರೂ ಕಾಣೂದಿಲ್ಲ. ತಗಿ."

ತಾನೇ ಸೆರಗು ಸರಿಸಿದಳು. ಮೊದಲು ನನ್ನನ್ನು ನೋಡಿದಳು, ಆಮೇಲೆ ಹೊರಗೆ. ಸೆರಗನ್ನು ಬಿಟ್ಟ ಕೈ ಎದೆಯ ಮೇಲೆ ಹಗುರಾಗಿ ಬಿದ್ದಿತ್ತು. "ಕುಂದರ್ರಿ" ಅಂದಳು. ಮಾತಾಡಬೇಡ ಅಂದೆ.

ಅಷ್ಟರಲ್ಲಿ ಎಡಗಡೆಯ ಮೂಲೆಯಲ್ಲಿ ಒಂದು ರುಮಾಲು ಹಾದುಹೋಯಿತು. ಯಾವನೋ ಎತ್ತಿನ ಗಾಡಿಯ ಮೇಲೆ ನಿಂತು ಹೋಗುವವನು. ತಲೆ ಕೆಟ್ಟಿತು. ಆ ಮೂಲೆಗೆ ಇನ್ನೊಂದು ಸಾಲು ಕಲ್ಲು ಬೇಕು. ಈಗ ಬಂದೆ ಎಂದು ಹೇಳಿ ಹೊರಗೆ ಓಡಿದೆ. ಖಂಡೆಪ್ಪ ಕಲ್ಲು ಆರಿಸುವಷ್ಟರಲ್ಲಿ ಇಷ್ಟು ಬರೆದೆ.

೭-೫೦

ಸಾಲು ಇಡಿಸಲು ಅರ್ಧ ಗಂಟೆ ಹಿಡಿಯಿತು. ಕಲ್ಲು ಕೂಡಲಿಲ್ಲ, ಎರಡು ಸಲ ತೆಗೆಸಿ ಇಡಿಸಿದೆ. ಒಳಗೆ ಬಂದು ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದೆ, ಇನ್ನು ಗಾಡಿಯವನೂ ಕಾಣುವುದಿಲ್ಲ, ಆನೆ ಮೇಲೆ ಬಂದರೂ ಕಾಣುವುದಿಲ್ಲ... ಎಷ್ಟು ಹೊತ್ತು ಹೇಳಿದೆನೋ. ಸಿದ್ದವ್ವ ತನ್ನ ಹಾಸಿಗೆಯಿಂದ ಮೆಲ್ಲಗೆ ಅಂದಳು: "ಸಾಹೇಬ್ರ, ಸುಮ್ಮಿರ್ರಿ. ತಂಗಿ ಹ್ವಾದ್ಳು."

ಕುಂದರ್ರಿ ಅಂದಿದ್ದಳು. ಕೂತಿದ್ದರೆ ಏನಾಗುತ್ತಿತ್ತು? ಒಂದು ಸಾಲು ಕಲ್ಲಿನ ಸಲುವಾಗಿ ಎದ್ದುಹೋದೆ.

ಕಣ್ಣು ಮುಚ್ಚಬೇಕು. ಮುಖ ಪಶ್ಚಿಮಕ್ಕೆ ತಿರುಗಿಸಬೇಕು. ಅದು ನಮ್ಮ ರೀತಿ. ಕಿಟಕಿ ಇರುವುದು ಪೂರ್ವಕ್ಕೆ. ಡಾಕ್ಟರಿಗೆ ಇನ್ನೂ ಹೇಳಿಲ್ಲ. ಅಮ್ಮನಿಗೆ ಹೇಳಿಲ್ಲ. ಹೇಳಿದರೆ ಎಲ್ಲರೂ ಬರುತ್ತಾರೆ, ಮುಚ್ಚುತ್ತಾರೆ. ಕಣ್ಣು ತೆರೆದಿವೆ. ಬಿಸಿಲು ಈಗ ತಾನೇ ಹಾಸಿಗೆಯ ಅಂಚಿಗೆ ಬಂದಿದೆ. ಇನ್ನೊಂದು ಸ್ವಲ್ಪ ಹೊತ್ತು.

ಗೋಡೆಯ ಆಚೆಯಿಂದ ಖಂಡೆಪ್ಪ ಕೂಗಿ ಕೇಳುತ್ತಿದ್ದಾನೆ — "ಸಾಹೇಬ್ರ, ಒಳಗಿಂದ ನೋಡಿ ಹೇಳ್ರಿ, ಇಷ್ಟ ಸಾಕೇನ್ರಿ, ಇನ್ನೂ ಏರಸ್ಲೇನ್ರಿ?" ಮತ್ತೆ ಕೂಗುತ್ತಿದ್ದಾನೆ. ನಾನು ಅವನಿಗೆ ಏನೆಂದು ಹೇಳಲಿ...